ಎಣಿಸಲು ಬಂದವಳೂ ಎರಡನೇ ಥಾಲಿಪೆಟ್ಟೂ

ಮನೆಗೆ ಬಂದವರನ್ನು ಏನೂ ತಿನ್ನಿಸದೆ ಕಳಿಸುವ ವಿದ್ಯೆ ನನಗೆ ಈವರೆಗೂ ಸಿದ್ಧಿಸಿಲ್ಲ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಮೆತ್ತಗೆ ಮಾತಾಡುವುದನ್ನು, ಬೆನ್ನು ನೆಟ್ಟಗಿಟ್ಟು ಕೂಡುವುದನ್ನು ಕಲಿಸಿದರು. ಉಳಿದದ್ದನ್ನೆಲ್ಲ ಮದುವೆಯಾಗಿ ಪುಣೆಗೆ ಬಂದ ಮೇಲೆ ಅತ್ತೆ ಕಲಿಸಿದರು. ಅವರ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ: ಚಹಾ ಕುಡಿದವರು, ಇನ್ನೂ ಕುಡಿಯದವರು. ಗ್ಯಾಸಿನವನು, ಅಂಚೆಯವನು, ಮೀಟರು ನೋಡುವವನು ಎಲ್ಲರೂ ಬಂದ ಕೆಲಸವನ್ನು ಅರ್ಧ ಮರೆತೇ ನಮ್ಮ ಮನೆಯಿಂದ ಹೋಗುತ್ತಿದ್ದರು. ಅದರಿಂದ ಯಾರಿಗೂ ನಷ್ಟವಾದದ್ದಿಲ್ಲ, ಬಸ್ಸಿನ ವಿಷಯವೊಂದನ್ನು ಬಿಟ್ಟರೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಾಲನಿಯ ಗೇಟಿನ ಎದುರಿನಿಂದ ಖಡಕಿಗೆ ದಿನಕ್ಕೊಂದೇ ನೇರ ಬಸ್ಸಿತ್ತು. ಖಡಕಿಯಲ್ಲಿ ಅತ್ತೆಯ ತಂಗಿ ಇದ್ದರು, ಮೊಣಕಾಲು ನೋವಿನಿಂದ ಹೊಸ್ತಿಲು ದಾಟದವರು. ಪ್ರತಿ ಗುರುವಾರ ಅತ್ತೆ ಇಸ್ತ್ರಿ ಸೀರೆ ಉಟ್ಟು, ಕಿಟಕಿಯ ಪಕ್ಕ ಕೂತು, ಒಬ್ಬರೇ ಹೋಗಿ ಬರುತ್ತಿದ್ದರು. ಬೋರ್ಡು ಓದಲು ಬಾರದ ಅವರಿಗೆ ಪುಣೆಯಲ್ಲಿ ಒಬ್ಬರೇ ಹೋಗಬಲ್ಲ ಜಾಗ ಅದೊಂದೇ. ಅಷ್ಟರಲ್ಲಿ ವಾರ್ಡಿನ ಸಭೆಯಲ್ಲಿ ಸಾಹೇಬರೊಬ್ಬರು ಹೇಳಿದರು: ಬಸ್ಸುಗಳ ಸುಧಾರಣೆಗೆ ನಿಧಿ ಬಂದಿದೆ, ಆದರೆ ಎಲ್ಲ ಮಾರ್ಗಕ್ಕೆ ಸಾಲದು, ಜನ ಹತ್ತುವ ಕಡೆ ಹೊಸ ಬಸ್ಸು, ಹತ್ತದ ಕಡೆ ಇದ್ದದ್ದೂ ಬಂದ್, ಮುಂದಿನ ಗುರುವಾರ ಸ್ಟಾಪಿನಲ್ಲಿ ಕೂತು ಎಣಿಸುತ್ತಾರೆ. ನಾನು ಎದ್ದು ಕಾನ್ವೆಂಟಿನ ಇಂಗ್ಲಿಷಿನಲ್ಲಿ ಬಹಳ ನಯವಾಗಿ ವಿರೋಧಿಸಿದೆ. ಎಷ್ಟು ನಯವಾಗಿ ಎಂದರೆ, ಅವರು ಅದನ್ನು ವಂದನಾರ್ಪಣೆ ಎಂದುಕೊಂಡು ಕೈಮುಗಿದು ಹೊರಟರು.

ಸರಿ, ಮನೆಮನೆಗೆ ಹೋಗಿ ಗುರುವಾರ ಎಲ್ಲರೂ ಬಸ್ಸು ಹತ್ತಬೇಕೆಂದು ಕೇಳಿಕೊಂಡೆ. ಖಡಕಿಯಲ್ಲಿ ಯಾವ ಕೆಲಸವೂ ಇಲ್ಲದವರೂ ಸಂತೋಷದಿಂದ ಒಪ್ಪಿದರು. ಆ ದಿನ ಎಣಿಸಲು ಬಂದವಳು ಕಾಲೇಜಿನ ಹುಡುಗಿ. ಸ್ಟಾಪಿಗೆ ನೆರಳಿಲ್ಲ, ಸ್ಟೂಲಿನ ಮೇಲೆ ಸೆರಗಿನಂತೆ ಓಢಣಿ ಹೊದ್ದು ಕೂತಿದ್ದಳು. ಇಸ್ತ್ರಿ ಸೀರೆ ಉಟ್ಟು ಬಸ್ಸಿಗೆ ಸಿದ್ಧರಾಗಿದ್ದ ಅತ್ತೆ ಗೇಟಿನಿಂದಲೇ ನೋಡಿದರು.

"ಪಾಪ, ಬಿಸಿಲಾಗ ಕುಂತಾಳ ನೋಡವಾ. ಮುಂಜಾನಿಂದ ಏನರ ತಿಂದಾಳೋ ಇಲ್ಲೋ."

"ಅತ್ತಿ, ಆಕಿ ಎಣಸ್ಲಿಕ್ಕೆ ಬಂದಾಳ್ರಿ."

"ಬಸ್ ಬರ್ಲಿಕ್ಕೆ ಇನ್ನೂ ಹೊತ್ತದ. ಖಾಲಿ ರಸ್ತಾ ಏನ ಎಣಸ್ತಾಳ?"

ಅತ್ತೆ ಕೈಬೀಸಿ ಕರೆದೇಬಿಟ್ಟರು. ಹುಡುಗಿ ಬಂದಳು, ಬೆಣ್ಣೆ ಹಚ್ಚಿದ ಥಾಲಿಪೆಟ್ಟು ತಿಂದು ಏಳಹೋದಳು. ನಮ್ಮಲ್ಲಿ ಒಂದನ್ನೇ ಬಡಿಸಿ ಕಳಿಸುವ ಪದ್ಧತಿಯಿಲ್ಲ. ಅತ್ತೆ ತಮ್ಮ ಧಾರವಾಡದ ಮರಾಠಿಯಲ್ಲಿ ಒತ್ತಾಯ ಮಾಡಿ, ಅವಳ ಭುಜ ಒತ್ತಿ ಕೂಡಿಸಿದರು. ಎರಡನೆಯದು ತಟ್ಟೆಗೆ ಬೀಳುವುದಕ್ಕೂ ಹೊರಗೆ ಹಾರ್ನ್ ಕೇಳುವುದಕ್ಕೂ ಸರಿಹೋಯಿತು. ಅಡುಗೆಮನೆಯ ಕಿಟಕಿಯಿಂದ ನಾನು ಕಂಡೆ: ರೇಷ್ಮೆ ಸೀರೆ ಉಟ್ಟ ನಮ್ಮ ಕಾಲನಿಯ ಹೆಂಗಸರೆಲ್ಲ ಶಿಸ್ತಿನಿಂದ ಬಸ್ಸು ಹತ್ತುತ್ತಿದ್ದರು. ಹುಡುಗಿಗೆ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅರ್ಧ ತಿಂದ ತಟ್ಟೆಯ ಮುಂದಿನಿಂದ ಒಬ್ಬರನ್ನು ಎಬ್ಬಿಸುವುದು ಹೇಗೆಂದು ಸಿಸ್ಟರುಗಳೂ ಕಲಿಸಿರಲಿಲ್ಲ, ಅತ್ತೆಯೂ ಕಲಿಸಿರಲಿಲ್ಲ. ಅವಳು ಬೆಣ್ಣೆಗೈಯಲ್ಲೇ ಓಡಿ ಹೋಗುವಷ್ಟರಲ್ಲಿ ರಸ್ತೆಯಲ್ಲಿ ಧೂಳು ಮಾತ್ರ ಇತ್ತು. ನೋಡದೆ ಬರೆಯಲಾರೆ ಕಾಕೂ, ಎಂದಳು ಕಣ್ಣು ತುಂಬಿ. ಅವಳ ಹಾಳೆಯಲ್ಲಿ ನಮ್ಮ ಸ್ಟಾಪಿನ ಮುಂದೆ ಸೊನ್ನೆ ಬಿತ್ತು. ಅತ್ತೆ ಅವಳನ್ನು ಮೊಸರು ಕೊಟ್ಟು ಸಮಾಧಾನ ಮಾಡಿದರು.

"ಕಾಲನಿಗೆ ಬರೂ ನಿಧೀನ ಬೆಣ್ಣಿ ಹಚ್ಚಿ ತಿನ್ನಿಸಿಬಿಟ್ರಲ್ಲ," ಎಂದರು ಸಂಜೆ ನಮ್ಮವರು.

"ಹೊಟ್ಟಿ ತುಂಬಿದ್ದು ಯಾರೂ ಎಣಸಂಗಿಲ್ಲ ಬಿಡು," ಎಂದರು ಅತ್ತೆ. ಆದರೆ ಖಡಕಿಯ ನೇರ ಬಸ್ಸು ಬಂದ್ ಆದ ಮೇಲಿನ ಮೊದಲ ಗುರುವಾರ ಅವರು ಇಸ್ತ್ರಿ ಸೀರೆ ಉಟ್ಟು ಗೇಟಿನ ತನಕ ಹೋಗಿ ಸುಮ್ಮನೆ ಮರಳಿದ್ದನ್ನು ನಾನು ನೋಡಿದೆ. ಮುಂದಿನ ವಾರದಿಂದ ನಾನೇ ಜೊತೆಗೆ ಹೊರಟೆ. ಶಿವಾಜಿನಗರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಅಲ್ಲಿಯೂ ಒಂದು ದಿನ ಬಿಸಿಲಲ್ಲಿ ಒಬ್ಬಾತ ಸ್ಟೂಲು ಹಾಕಿಕೊಂಡು ಜನರನ್ನು ಎಣಿಸುತ್ತಿದ್ದ. ಈ ಸಲ ಗಟ್ಟಿ ಮನಸ್ಸು ಮಾಡಿ ಬೇರೆ ಕಡೆ ಮುಖ ತಿರುಗಿಸಿದೆ. ಅತ್ತೆ ಮೊಣಕೈಯಿಂದ ತಿವಿದರು.

"ಚೀಲದಾಗ ಏನರ ಅದ ಏನವಾ?"

ಇತ್ತು. ಅವಲಕ್ಕಿಯ ಡಬ್ಬಿ. ಅದರ ಮುಚ್ಚಳ ಬಹಳ ಬಿಗಿ. ಅದನ್ನು ತೆಗೆದು, ಆತನ ಅಂಗೈಗೆ ಎರಡು ಸಲ ಸುರಿದು ತಲೆಯೆತ್ತುವಷ್ಟರಲ್ಲಿ, ಖಡಕಿಯ ಬಸ್ಸು ನಮ್ಮಿಬ್ಬರನ್ನೂ ಬಿಟ್ಟು ಹೊರಟುಹೋಗಿತ್ತು.