ನೀರೊಳಗೆ ಚಾಳೀಸು ಇರಲ್ಲವಂತೆ!

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ, ನಿಜ ಹೇಳಿ? ಮಾತ್ರೆಯ ಶೀಟನ್ನು ಕೈ ಚಾಚಿ ದೂರ ಹಿಡಿದು, ಇನ್ನೂ ದೂರ ಹಿಡಿದು, ಕೊನೆಗೆ ಕೈಯ ಉದ್ದವೇ ಸಾಲದೆ ಹೋಗಿ, "ಇಷ್ಟು ಸಣ್ಣಕ್ಷರ ಹಾಕಿದ್ರೆ ಯಾರು ಓದ್ತಾರ್ರೀ?" ಎಂದು ಕಂಪನಿಯವರನ್ನು ಬೈದಿದ್ದೀರಾ? ಹಾಗಾದರೆ ನಿಮಗೆ ಚಾಳೀಸು ಬಂದಿದೆ. ಕನ್ನಡಕ ಹಾಕಿಕೊಳ್ಳಿ, ಮುಗಿಯಿತು. ವಯಸ್ಸಾದ ಮೇಲೆ ಎಲ್ಲರಿಗೂ ಬರುವಂಥದ್ದೇ. ಇಡೀ ಭೂಮಂಡಲದಲ್ಲಿ ಬರದೇ ಇರುವುದು ಒಬ್ಬರಿಗೆ ಮಾತ್ರ. ನಮ್ಮ ಭಾವನಿಗೆ!

ಭಾವ ಅಂದರೆ ನಮ್ಮಕ್ಕನ ಗಂಡ. ಮೈಸೂರಿನವರು, ತಿರುವನಂತಪುರದಲ್ಲಿ ವಿಜ್ಞಾನಿ. ಹೆಸರು ಹೇಳಲ್ಲ, ಹೇಳಿದರೆ ಫ್ಯಾಮಿಲಿ ಗ್ರೂಪಿನಿಂದ ನನ್ನನ್ನು ಕಿತ್ತುಹಾಕುತ್ತಾರೆ. ವಾರವಿಡೀ ಆಕಾಶಕ್ಕೆ ಹಾರಿಸುವುದರ ಲೆಕ್ಕ ಹಾಕುವ ಈ ಮನುಷ್ಯ ಭಾನುವಾರ ಬಂದರೆ ಸಾಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕೋವಳಂ ಕಡಲೊಳಗೆ ಮುಳುಗುತ್ತಾರೆ. ಯಾತಕ್ಕೆ? ಹುಳದ ಫೋಟೋ ತೆಗೆಯಲಿಕ್ಕೆ! ಚಿಪ್ಪಿಲ್ಲದ ಬಸವನಹುಳದಂಥದ್ದೊಂದು ಪ್ರಾಣಿ ಅಲ್ಲಿ ಬಂಡೆಗೆ ಅಂಟಿಕೊಂಡಿರುತ್ತದೆ. ಬಣ್ಣ ಮದುವೆ ಸೀರೆಯಷ್ಟು, ಗಾತ್ರ ಅಕ್ಕಿಕಾಳಿನಷ್ಟು. ಅದನ್ನು ಹತ್ತಿರದಿಂದ, ಕೊಂಬಿನ ತುದಿ ಸಮೇತ ಸ್ಪಷ್ಟವಾಗಿ ತೆಗೆಯಬೇಕು. ನಿವೃತ್ತಿಯಾಗುವಷ್ಟರಲ್ಲಿ ಅಂಥದ್ದೊಂದು ಫೋಟೋ ತೆಗೆದೇ ತೀರಬೇಕೆಂಬುದು ಅವರ ಹಟ.

ತೆಗೆದ ಫೋಟೋಗಳನ್ನು ಟಿವಿಯಲ್ಲಿ ಹಾಕಿ ನಮಗೆಲ್ಲ ತೋರಿಸುತ್ತಿದ್ದರು. ನಾನಿರುವುದು ಕೊಚ್ಚಿಯಲ್ಲಿ. ರೈಲು ಹತ್ತಿ, ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು, ಅಷ್ಟು ದೂರದಿಂದ ಹೋಗಿ ನೋಡಿದ್ದೇನು?

"ಭಾವ, ಇದು ಒಗ್ಗರಣೆ ಸೀದಿರೋದಾ?"

"ಅದು ಸಾಫ್ಟ್ ಫೋಕಸ್ ಕಣಮ್ಮಾ. ಕಲೆ."

"ಹುಳ ಎಲ್ಲಿದೆ?"

ಟಿವಿಯ ಹತ್ತಿರ ಹೋದರು, ಹಿಂದೆ ಬಂದರು, ಸೋಫಾದ ಆಚೆ ನಿಂತರು. ಆಮೇಲೆ ಗಂಭೀರವಾಗಿ ಹೇಳಿದರು: "ಇಲ್ಲೇ ಎಲ್ಲೋ ಇದೆ."

ಕನ್ನಡಕ ಹಾಕಿಕೊಳ್ಳಿ ಎಂದರೆ ವಿಜ್ಞಾನ ಶುರು! "ನೀರೊಳಗೆ ಎಲ್ಲಾ ದೊಡ್ಡದಾಗಿ, ಹತ್ತಿರದಲ್ಲಿರೋ ಹಾಗೆ ಕಾಣುತ್ತಮ್ಮಾ. ನೀರೇ ಕನ್ನಡಕ. ನೀರೊಳಗೆ ಚಾಳೀಸೇ ಇರಲ್ಲ!" ಅರ್ಧ ಸತ್ಯ. ದೊಡ್ಡದಾಗಿ ಕಾಣುವುದು ನಿಜವೇ. ಆದರೆ ಚಾಳೀಸಿನವರಿಗೆ ಕಷ್ಟವಾಗುವುದೇ ಹತ್ತಿರದ್ದಲ್ಲವೇ? ಇದು ನನ್ನಂಥ ಕಾಮರ್ಸಿನವಳಿಗೆ ಹೊಳೆಯಿತು, ಭಾವನಿಗೆ ಹೊಳೆಯಲಿಲ್ಲ.

ನೆಲದ ಮೇಲೆ ಅವರ ಉಪಾಯವೇ ಬೇರೆ. ಹೋಟೆಲಿನ ಮೆನು ಕಾಣಲಿಲ್ಲವೋ, "ಮಲಯಾಳಂ ಓದೋಕೆ ಬರಲ್ಲ." ಕರೆಂಟ್ ಬಿಲ್ಲು ಕಾಣಲಿಲ್ಲವೋ, "ಮಲಯಾಳಂ." ಊರಿಂದ ಬಂದ ಮದುವೆ ಕರೆಯೋಲೆಯನ್ನೂ ಒಮ್ಮೆ ಹಾಗೇ ಪಕ್ಕಕ್ಕಿಟ್ಟರು. "ರೀ, ಅದು ಕನ್ನಡ!" ಎಂದಳು ಅಕ್ಕ. ಹೊರರಾಜ್ಯದಲ್ಲಿರುವ ಕನ್ನಡಿಗನಿಗೆ ಲಿಪಿ ಬಾರದಿರುವುದು ಇಷ್ಟು ಅನುಕೂಲವೆಂದು ನನಗೆ ಗೊತ್ತೇ ಇರಲಿಲ್ಲ.

ಡೈವಿಂಗ್ ಕಲಿಸುವವನ ಮುಂದೆ ಮಾತ್ರ ಇದು ನಡೆಯಲಿಲ್ಲ. ಒಂದು ಭಾನುವಾರ, ನೀರಿಗಿಳಿಯುವ ಮೊದಲು ಅವನು ಗಾಳಿಯ ಗೇಜನ್ನು ಭಾವನ ಮೂಗಿನ ಮುಂದೆ ಹಿಡಿದ.

"ಎಷ್ಟಿದೆ ಸಾರೇ?"

ಭಾವ ಕೈ ಚಾಚಿದರು, ಕತ್ತು ಹಿಂದಕ್ಕೆಳೆದರು, ಕಣ್ಣು ಕಿರಿದು ಮಾಡಿದರು. ಬಾಯಿಗೆ ಬಂದದ್ದು ರೂಢಿಯ ಮಾತು: "ನನಗೆ ಮಲಯಾಳಂ ಓದೋಕೆ ಬರಲ್ಲವಲ್ಲ."

"ಅಕ್ಕತ್ತಿನು ಏದು ಭಾಷಯಾ ಸಾರೇ?" ಅಂದ ಅವನು. ಅಂಕಿಗೆ ಯಾವ ಭಾಷೆ ಸಾರ್?

ದೋಣಿಯವರೆಲ್ಲ ನಕ್ಕರು. ಅವನು ನಗಲಿಲ್ಲ. ಎಷ್ಟು ಗಾಳಿ ಉಳಿದಿದೆ ಎಂದು ಓದಲಾಗದವರನ್ನು ಕೆಳಗೆ ಕರೆದುಕೊಂಡು ಹೋಗುವುದಿಲ್ಲ, ಪವರ್ ಗಾಜಿನ ಡೈವಿಂಗ್ ಮಾಸ್ಕ್ ಮಾಡಿಸಿಕೊಂಡು ಬನ್ನಿ ಎಂದ.

ಮಾಡಿಸಲು ಕೊಚ್ಚಿಗೆ, ಅಂದರೆ ನಮ್ಮ ಮನೆಗೆ ಬಂದರು. ಕಣ್ಣಿನ ಪರೀಕ್ಷೆಗೆ ಹೋಗೋಣ ಎಂದೆ. "ನಂಬರ್ ನಂಗೊತ್ತು" ಎಂದು ಸೀದಾ ಅಂಗಡಿಗೆ ಹೋಗಿ ಆರ್ಡರ್ ಕೊಟ್ಟರು. ಮಾಸ್ಕೂ ಬಂತು. ಕೋವಳಂನಲ್ಲಿ ಅದನ್ನು ಹಾಕಿಕೊಂಡು ನೋಡಿದರೆ ಗೇಜು ಮೊದಲಿನಷ್ಟೇ ಮಂಜು! ಆಮೇಲೆ ತಿಳಿಯಿತು, ಅಂಗಡಿಯವನೆದುರು ನಾಚಿಕೆಯಾಗಿ ಇರಬೇಕಾದ್ದರಲ್ಲಿ ಅರ್ಧ ನಂಬರ್ ಹೇಳಿದ್ದರಂತೆ. ಅಲ್ಲ, ಟೈಲರ್ ಅಂಗಡಿಯಲ್ಲಿ ಸೊಂಟದ ಸುತ್ತಳತೆ ಮುಚ್ಚಿಡುವ ಹೆಂಗಸರನ್ನು ನೋಡಿ ನಗುತ್ತಿದ್ದವರು ಇವರೇ ಅಲ್ಲವೇ?

ಸರಿಯಾದ ನಂಬರಿನ ಗಾಜಿಗೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮಳೆ ಶುರುವಾದರೆ ಕಡಲು ಕದಡಿ ಕೆಸರಾಗುತ್ತದೆ, ಡೈವಿಂಗ್ ಬಂದ್. ಮಳೆ ನಿಂತು ನೀರು ತಿಳಿಯಾಗುವಷ್ಟರಲ್ಲಿ ಭಾವನ ನಿವೃತ್ತಿ, ಕ್ವಾರ್ಟರ್ಸ್ ಖಾಲಿ ಮಾಡಿ ಮೈಸೂರಿಗೆ ಪ್ರಯಾಣ. ಮೈಸೂರಿನಲ್ಲಿ ಎಲ್ಲಿದೆ ಕಡಲು?

ಆ ವಾರ ನಾನು ತಿರುವನಂತಪುರದಲ್ಲಿ ಅಕ್ಕನ ಮನೆಯಲ್ಲೇ ಇದ್ದೆ. ಸಾಂಬಾರಿಗೆ ಉಪ್ಪು ಎಷ್ಟೆಂದು ಗ್ರಾಫ್ ಹಾಕಿ ವಾದಿಸುವ ಮನುಷ್ಯ, ಉಪ್ಪೇ ಹಾಕದ ಸಾಂಬಾರನ್ನು ಸುಮ್ಮನೆ ಉಂಡು ಎದ್ದರು. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಬೇಕೆಂದೇ ಹಾಕಿರಲಿಲ್ಲ ಅವಳು.

ಸಂಜೆ ಭಾವ ಬೆರಳು ಉಜ್ಜಿಕೊಳ್ಳುತ್ತಾ ಕೂತಿದ್ದರು. ದಡದ ಬಂಡೆಯಲ್ಲಿ ಕೈಯೂರಿದಾಗ ಮುಳ್ಳುಚೆಂಡಿನಂಥ ಕಡಲಪ್ರಾಣಿಯೊಂದರ ಮುಳ್ಳು ಹೊಕ್ಕಿತ್ತಂತೆ. ನಾನು ನೋಡಿದೆ, ಕಾಣಲಿಲ್ಲ. ಅಕ್ಕ ಬಂದಳು. ಅವಳದು ಶಾಲೆಯ ಕಾಲದಿಂದ ಸೋಡಾಬುಡ್ಡಿ ಕನ್ನಡಕ; ಅದಿಲ್ಲದಿದ್ದರೆ ದೂರದಲ್ಲಿ ಬರುವ ಬಸ್ಸಿರಲಿ, ಬಸ್ ಸ್ಟ್ಯಾಂಡೇ ಕಾಣದು. ಅದನ್ನು ತೆಗೆದು ತಲೆಗೇರಿಸಿ, ಗಂಡನ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು, ಒಂದೇ ಸಲಕ್ಕೆ ಚಿಮಟದಲ್ಲಿ ಮುಳ್ಳು ಎಳೆದಳು.

ಭಾವ ಕಣ್ಣರಳಿಸಿದರು. "ಅದು ನಿಂಗೆ ಕಾಣಿಸ್ತಾ?"

"ಹತ್ತಿರದ್ದು ನಂಗೆ ಯಾವಾಗ್ರೀ ಕಂಡಿಲ್ಲ? ಕನ್ನಡಕ ತೆಗೆದ್ರೆ ಇರುವೆ ಮೀಸೆನೂ ಕಾಣುತ್ತೆ."

"ಲೇ! ನಿಂದು ಕಣ್ಣಲ್ಲ ಕಣೇ, ಹುಳ ತೆಗೆಯೋ ಮ್ಯಾಕ್ರೋ ಲೆನ್ಸು!"

"ನೋಡೇ," ಎಂದಳು ಅಕ್ಕ ನನ್ನ ಕಡೆ ತಿರುಗಿ, "ಮದುವೆಯಾದ ಮೇಲೆ ಇದೇ ಮೊದಲನೇ ಸಲ ಹೊಗಳ್ತಿರೋದು. ಅದೂ ಸಾಮಾನಿಗೆ ಹೋಲಿಸಿ!"

ಹಾಗೆ, ಬರಿಗಣ್ಣಲ್ಲೇ ಹುಳ ಹುಡುಕಿಕೊಡಲು ಕಣಕ್ಕಿಳಿದದ್ದು ನಮ್ಮಕ್ಕ. ಕಡಲೆಂದರೆ ಪಾದ ನೆನೆಯುವಷ್ಟು ಮಾತ್ರ ಎಂದು ನಂಬಿದ್ದವಳು. ಮಳೆಗೆ ಮುಂಚೆ ಕೆಲವು ಶನಿವಾರ ಈಜುಕೊಳದಲ್ಲಿ ಉಸಿರಾಡುವುದನ್ನು ಕಲಿತಳು. ಡೈವಿಂಗ್‌ನವನು ಅಕ್ಕನನ್ನು ತೋರಿಸಿ, "ಚೇಚಿ ಜತೆಗೆ ಬಂದು ಹುಳ ಹುಡುಕಲಿ, ಗೇಜು ನಾನೇ ನೋಡ್ತೀನಿ, ಆದ್ರೆ ಆಳಕ್ಕಿಲ್ಲ" ಎಂದು ಒಪ್ಪಿದ. ಮೈಗಂಟುವ ಆ ರಬ್ಬರ್ ಬಟ್ಟೆಯೊಳಗೆ ಅಕ್ಕನನ್ನು ಸೇರಿಸಲು ನಾನು ಬೆವರಿಳಿಸಿದೆ. "ಇದರ ಬದಲು ಚಕ್ಕುಲಿ ಒರಳಿಗೆ ಹಾಕಿ ಒತ್ತಿಬಿಡೇ" ಎಂದಳು. ಭಾವ ಮಾತ್ರ ದೋಣಿಯಲ್ಲಿ ಅವಳ ಪಟ್ಟಿಗಳನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದರು. ಕಾಣುವುದಿಲ್ಲವಲ್ಲ, ಮುಟ್ಟಿಯೇ ನೋಡಬೇಕು!

ನೀರೊಳಗೆ ನಡೆದದ್ದನ್ನು ಮೇಲೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ಹೇಳಿದರು, ಅಂದರೆ ಜಗಳವಾಡಿದರು. ಭಾವ ದಾಟಿಹೋದ ಬಂಡೆಯ ಮೇಲೆ ಅಕ್ಕ ಹುಳ ಹುಡುಕಿದಳಂತೆ. ಬೆರಳಿಟ್ಟು ತೋರಿಸಿದಳಂತೆ. ಫೋಕಸ್ ಸರಿಯಾದಾಗ ಕ್ಯಾಮೆರಾದ ಪರದೆ ನೋಡಿ ಅವಳೇ ಅವರ ಭುಜ ಒತ್ತಬೇಕು, ಅವರು ಕ್ಲಿಕ್ ಮಾಡಬೇಕು. ಹಾಗೆ ಮಾತಾಗಿತ್ತು.

ಮನೆಯಲ್ಲಿ ಟಿವಿ ಹಾಕಿದರು. ಹುಳ ಬಂತು. ನೇರಳೆ ಮೈ, ಹಳದಿ ಅಂಚು, ಕೊಂಬಿನ ತುದಿಯ ಗೀರು ಸಮೇತ! ನಾನು ಚಪ್ಪಾಳೆ ತಟ್ಟಿದೆ. ಮುಂದಿನ ಫೋಟೋದಲ್ಲಿ ಹುಳ ಬರೀ ನೇರಳೆ ಮಂಜು. ಸ್ಪಷ್ಟವಾಗಿದ್ದದ್ದು ಅಕ್ಕನ ಬೆರಳು. ನೀರಲ್ಲಿ ನೆನೆದು ಸುಕ್ಕಾದ ತುದಿ, ಚರ್ಮದ ಒಂದೊಂದು ಗೆರೆ, ಉಂಗುರದ ಪಕ್ಕದ ಹಳೇ ಸುಟ್ಟ ಕಲೆ.

"ಅಯ್ಯೋ, ನಾನು ಭುಜ ಒತ್ತೋಕ್ ಮುಂಚೆನೇ ತೆಗ್ದಿದ್ದೀರಿ!" ಎಂದಳು ಅಕ್ಕ. "ಅಳಿಸಿ ಅದನ್ನ."

ಭಾವ ಅಳಿಸಲಿಲ್ಲ. ಎದ್ದು ಒಳಗೆ ಹೋಗಿ, ಅಕ್ಕ ಎಂದೋ ತಂದಿಟ್ಟಿದ್ದ ಓದುವ ಕನ್ನಡಕವನ್ನು ನಮ್ಮೆಲ್ಲರ ಮುಂದೆ ಮೂಗಿಗೇರಿಸಿಕೊಂಡು ಬಂದರು. ಟಿವಿಯ ಹತ್ತಿರ ಕೂತು ಆ ಬೆರಳನ್ನು ಬಹಳ ಹೊತ್ತು ನೋಡಿದರು.

"ಈ ಸುಟ್ಟ ಗಾಯ ಯಾವಾಗ ಆಯ್ತೇ?"

"ಅದಾ? ಆಗಿ ವರ್ಷಗಳಾಯ್ತು ಬಿಡ್ರೀ."

"ನಂಗೆ ಕಂಡೇ ಇರಲಿಲ್ಲ ನೋಡು," ಎಂದರು ಭಾವ. ಅಕ್ಕನ ಕೈ ಎಳೆದುಕೊಂಡು, ಆ ಕಲೆಯ ಮೇಲೆ ಹೆಬ್ಬೆರಳಿಟ್ಟು ಕೂತರು. ಮಲಯಾಳಂ ಗಿಲಯಾಳಂ ಏನೂ ಹೇಳಲಿಲ್ಲ.

ನಿಮ್ಮ ಮನೆಯಲ್ಲಿ ಚಾಳೀಸು ಒಪ್ಪಿಕೊಳ್ಳದೆ ಮೆರೆಯುತ್ತಿರುವ ಮಹಾನುಭಾವರು ಯಾರು? ಅವರು ಮೊದಲ ಸಲ ಕನ್ನಡಕ ಹಾಕಿಕೊಂಡಾಗ ಕಂಡದ್ದೇನು? ಕೆಳಗೆ ಬರೆಯಿರಿ. ಭಾವನಿಗೆ ಓದಿ ಹೇಳಬೇಕಿಲ್ಲ, ಈಗ ಅವರೇ ಓದುತ್ತಾರೆ.