ವ್ಯಾನಿನ ಹೊಟ್ಟೆನೋವು

ಅಶೋಕನ ಹಳೆಯ ವ್ಯಾನು ಗೊರಗೊರ ಎಂದು ನರಳಲು ಶುರುಮಾಡಿದ್ದು, ಒಂಟಿಕೊಪ್ಪಲಿನ ಗೃಹಪ್ರವೇಶಕ್ಕೆ ಊಟ ಒಯ್ಯಬೇಕಾದ ಹಿಂದಿನ ದಿನ. ಕೆಡಲು ಅದಕ್ಕೆ ಬೇರೆ ದಿನವೇ ಸಿಗಲಿಲ್ಲ.

ಹೂಟಗಳ್ಳಿಯ ಮನೆಯಲ್ಲಿ ಹೆಂಡತಿ ಭಾನುಪ್ರಿಯಾ, ಅತ್ತೆ ಪುಟ್ಟಮಾದಮ್ಮ ಇಬ್ಬರೂ ಅಡುಗೆ ಮಾಡಿ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಮುಟ್ಟಿಸುವುದು ಅಶೋಕನ ಕೆಲಸ. ಡ್ರೈವರ್ ಎಂದರೆ ಅವನಿಗೆ ಸಿಟ್ಟು. ‘ಸಾರಿಗೆ ಮುಖ್ಯಸ್ಥ’ ಎಂದುಕೊಳ್ಳುತ್ತಿದ್ದ. (ದಿನವೂ ಸಾರು ಹೊರುತ್ತಿದ್ದುದರಿಂದ ಈ ಬಿರುದು ಎರಡೂ ಅರ್ಥದಲ್ಲಿ ಸಲ್ಲುತ್ತಿತ್ತು.) ಗೃಹಪ್ರವೇಶದಂಥ ದೊಡ್ಡ ಆರ್ಡರು ಅವರಿಗೆ ಇದೇ ಮೊದಲು.

“ಉದಯಗಿರಿಗೆ ಹೋಗಿ ನಯಾಜ್ ಮೆಕ್ಯಾನಿಕ್ಕಿಗೆ ತೋರಿಸ್ಕೊಂಡ್ ಬನ್ರೀ,” ಎಂದಳು ಭಾನುಪ್ರಿಯಾ.

“ಕಾಯ್ಲೆ ಏನು ಅಂತ ನಮಗೇ ಗೊತ್ತಿಲ್ದೆ ಡಾಕ್ಟ್ರ ಹತ್ರ ಹೋದ್ರೆ ಹೊಟ್ಟೆ ಕುಯ್ದ್ಬುಡ್ತಾರೆ ಕಣೇ. ಮೊದ್ಲು ನಾನೇ ಕಂಡ್ಹಿಡೀತೀನಿ.”

ಮೊಬೈಲಿನ ವಿಡಿಯೊಗಳಿಂದ ಅವನು ಮಹಾಜ್ಞಾನ ಸಂಪಾದಿಸಿದ್ದ. ನಿಂತಲ್ಲೇ ಸದ್ದು ಬಂದರೆ ಗೇರ್‌ಬಾಕ್ಸು. ಓಡುವಾಗ ಹಿಂದಿನಿಂದ ಬಂದು, ತಿರುವಿನಲ್ಲಿ ಜೋರಾದರೆ ಡಿಫರೆನ್ಷಿಯಲ್ಲು, ಅಂದರೆ ಹಿಂದಿನ ಚಕ್ರಗಳ ನಡುವೆ ಗಡಿಗೆಯಂತೆ ಕೂತ ಹಲ್ಲುಚಕ್ರಗಳ ಸಂಸಾರ. ಆದರೆ ಮುಂದೆ ಕೂತು ಓಡಿಸುವವನಿಗೆ ಹಿಂದಿನ ಗುಟ್ಟು ತಿಳಿಯದು. ಅಲ್ಲೊಂದು ಕಿವಿ ಬೇಕು. ಮನೆಯಲ್ಲಿ ಚುರುಕಾದ ಕಿವಿ ಪುಟ್ಟಮಾದಮ್ಮನದು. (ಅಳಿಯ ಪಿಸುಗುಟ್ಟಿದ್ದೆಲ್ಲ ಅವರಿಗೆ ಕೇಳಿಸುತ್ತಿತ್ತು.)

ಪಾತ್ರೆ ಇಡುವ ಜಾಗದಲ್ಲಿ ಚಾಪೆ ಹಾಸಿ, ತಳಕ್ಕೆ ಕಿವಿಗೊಟ್ಟು ಅತ್ತೆ ಮಲಗಿದರು. ಅಶೋಕ ಖಾಲಿ ಲೇಔಟಿನಲ್ಲಿ ಸುತ್ತು ಹೊಡೆಯತೊಡಗಿದ.

“ಅತ್ತೇ, ಎಡಕ್ಕೆ ತಿರುಗಿದ್ರೆ ಏನಾಗ್ತದೆ?”

“ನಾನು ಬಲಕ್ಕೆ ಉಳ್ಳೋಯ್ತೀನಿ ಅಳಿಮಯ್ಯ!”

“ನೀವಲ್ಲ, ಸದ್ದು!”

“ಸದ್ದು ನಂದೇ ಕನಪ್ಪಾ, ಸೊಂಟ ತಗುಲ್ತು! ನಿಮ್ಮ ಗಾಡೀದು ಇಂದ್ಗಡೆಯಿಂದ್ಲೇ ಬತ್ತಾ ಅದೆ. ತಿರುಗ್ದಾಗ ಜೋರು.”

ಡಿಫರೆನ್ಷಿಯಲ್ಲೇ ಸರಿ ಎಂದು ಅಶೋಕ ಗಾಡಿಯನ್ನು ಮನೆಯತ್ತ ತಿರುಗಿಸಿದ. ಮನೆಗೆ ಬಂದವನೇ ವ್ಯಾನಿನಡಿ ತೆವಳಿ, ಡಿಫರೆನ್ಷಿಯಲ್ಲಿನ ತಳದ ಬಿರಡೆ ಬಿಚ್ಚಿ, ಆಯಿಲನ್ನು ಬೋಗುಣಿಗೆ ಬಸಿದು ಬಿಸಿಲಿಗೆ ಹಿಡಿದ. ಬೆಳ್ಳಿಯ ಪುಡಿ ಬೆರೆತಂತೆ ಮಿನುಗಿತು. ಮಿನುಗಿದರೆ ಮುಗಿಯಿತು ಎಂದು ವಿಡಿಯೊದವನು ಹೇಳಿದ್ದ. ಬಿರಡೆಯನ್ನು ಹೇಗೋ ತಿರುಗಿಸಿ ಹಾಕಿ, ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ.

“ಕ್ರೌನು ಹೋಯ್ತು ಭಾನು.” (ಆ ಗಡಿಗೆಯೊಳಗಿನ ದೊಡ್ಡ ಹಲ್ಲುಚಕ್ರಕ್ಕೆ ಮೆಕ್ಯಾನಿಕ್ಕುಗಳಿಟ್ಟ ಹೆಸರು.)

“ನಿಮಗೆ ಕಿರೀಟ ಯಾವಾಗಿತ್ತು, ಹೋಗೋಕೆ? ಅಯ್ಯೋ, ಅದು ಸಾರಿನ ಬೋಗುಣಿ ಅಲ್ವೇನ್ರೀ!”

ಅಶೋಕನಿಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಖಾಲಿ ಎಲೆಗಳ ಮುಂದೆ ಕೂತ ನೆಂಟರು ಕಾಣುತ್ತಿದ್ದರು. ಎಷ್ಟೋ ವರ್ಷ ಒಲೆಯ ಮುಂದೆ ಬೆಂದು ಭಾನು ಗಳಿಸಿದ ಹೆಸರು ತನ್ನ ವ್ಯಾನಿನ ಹಲ್ಲಿಗೆ ಸಿಕ್ಕಿ ನುರಿಯುತ್ತದಲ್ಲ ಎಂದು ಅವನಿಗೆ ನಿಜಕ್ಕೂ ಸಂಕಟ.

ಮರುದಿನ, ಒಂಟಿಕೊಪ್ಪಲಿನ ತನಕವಾದರೂ ಎಳೆದೀತು ಎಂದು ಪಾತ್ರೆಗಳನ್ನೂ ಇಬ್ಬರು ಹೆಂಗಸರನ್ನೂ ಹೇರಿಕೊಂಡು, ತುಂಬು ಬಸುರಿಯನ್ನು ಒಯ್ಯುವವನಂತೆ ಮೆಲ್ಲಗೆ ಹೊರಟ. ಗೊರಗೊರ ಸದ್ದು ಹುಣಸೂರು ರಸ್ತೆಗೆ ಬರುವಷ್ಟರಲ್ಲಿ ಊಳಿಡತೊಡಗಿತು. ಆಮೇಲೆ ಕಟಕ್ಕೆಂದು ಗಾಡಿ ನಿಂತೇಬಿಟ್ಟಿತು. ಭಾನುಪ್ರಿಯಾ ನಯಾಜ್‌ಗೆ ಫೋನ್ ಮಾಡಿದಳು.

ಅವನು ಬಂದು ಹಿಂದಿನ ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ಮು ಕಳಚಿದ. ಕಡಲೆಕಾಳಿನಷ್ಟು ಜಲ್ಲಿಕಲ್ಲೊಂದು ಟಣ್ಣೆಂದು ಬಿತ್ತು.

“ನಿಮ್ಮ ಗೊರಗೊರ ಇದೇ ಸಾರ್.”

ಅಶೋಕ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. “ಹಂಗಾದ್ರೆ ಕ್ರೌನು ಚೆನ್ನಾಗಿದೆ!”

“ನಿನ್ನೆ ತನಕ ಚೆನ್ನಾಗೇ ಇತ್ತು. ಹಳೇ ಗಾಡಿ ಆಯಿಲ್ ಸ್ವಲ್ಪ ಮಿನುಗೋದು ಮಾಮೂಲು. ಬಸಿದ್ಮೇಲೆ ಹೊಸ ಆಯಿಲ್ ಹಾಕಿದ್ರಾ?”

ಅಶೋಕ ಹೆಂಡತಿಯ ಮುಖ ನೋಡಿದ. ನೋಡಬಾರದಿತ್ತು.

“ಒಣಗಿದ ಗೇರಲ್ಲಿ ಓಡ್ಸಿದೀರಿ. ಈಗ ನಿಜವಾಗ್ಲೂ ಹೋಗಿದೆ.”

ಅಷ್ಟರಲ್ಲಿ ಭಾನುಪ್ರಿಯಾ ರಸ್ತೆಗೆ ಅಡ್ಡ ನಿಂತು ಒಂದು ಗೂಡ್ಸ್ ಆಟೋ ತಡೆದಿದ್ದಳು. ಪಾತ್ರೆಗಳು ಹತ್ತಿದವು, ಹೆಂಗಸರು ಹತ್ತಿದರು. ಅಶೋಕನಿಗೆ ಜಾಗ ಉಳಿಯಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ತಲುಪಿತು. ಪಾಯಸ ಚೆಲ್ಲಲಿಲ್ಲ, ಹಪ್ಪಳ ಮುರಿಯಲಿಲ್ಲ. ಆಟೋ ಓಡಿಸುತ್ತಿದ್ದ ಮೂಗಯ್ಯನನ್ನು ಭಾನುಪ್ರಿಯಾ ಅಲ್ಲೇ ದಿನದಿನದ ಊಟ ಸಾಗಿಸಲು ಗೊತ್ತುಮಾಡಿಕೊಂಡಳು.

ಈಗ ಅಶೋಕನಿಗೆ ಅಡುಗೆಮನೆಗೆ ವರ್ಗವಾಗಿದೆ. ಮೊದಲ ದಿನ ಮಣೆ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದಾಗ ಕಣ್ಣೀರು ಧಾರಾಕಾರ ಇಳಿಯಿತು. ಪುಟ್ಟಮಾದಮ್ಮ ಬಂದು ಅವನ ಬೆನ್ನು ಸವರಿದರು.

“ಅಳಬ್ಯಾಡಿ ಅಳಿಮಯ್ಯ.”

“ಅಳ್ತಿಲ್ಲ ಅತ್ತೆ, ಈರುಳ್ಳಿ.”

“ಅದ್ಕೇ ಕನಪ್ಪಾ ಏಳಿದ್ದು. ಈಗ್ಲೇ ಇಷ್ಟು ಅತ್ಬುಟ್ರೆ ಎಂಗೆ? ಮೂಟೆ ಇನ್ನೂ ಬಿಚ್ಚೇ ಇಲ್ಲ.”