ಕಾಕಾನ ಫರಸಿ, ಖಾಲಾನ ಡಿಪಾಜಿಟ್

ನಮ್ಮ ಕಾಕಾನಿಗೆ ದೈವಭಕ್ತಿ ಇರಲಿಲ್ಲ ಎಂದವರ ಬಾಯಲ್ಲಿ ಹುಳ ಬೀಳಲಿ! ಇತ್ತು. ಆದರೆ ಅವನ ದೇವರು ಜಗಲಿಯ ಮೇಲಿರಲಿಲ್ಲ, ಬ್ಯಾಡಗಿಯಲ್ಲಿ ಅವನು ಬಾಡಿಗೆಗೆ ಕೊಡುತ್ತಿದ್ದ ಮನೆಯ ನೆಲದಲ್ಲಿದ್ದ. ಕರಿ ಫರಸಿ ಕಲ್ಲಿನ ನೆಲ, ಮುಖ ಕಾಣುವಷ್ಟು ನುಣುಪು.

ಬಾಡಿಗೆಯವರು ಮನೆ ಬಿಡುವ ದಿನ ಕಾಕಾ ಬರಿಗಾಲಲ್ಲಿ ಕೋಣೆಕೋಣೆ ಸುತ್ತುತ್ತಿದ್ದ. ಅಂಗಾಲಿಗೆ ಒಂದು ಗೀರು ತಾಗಿತೋ, ಮುಗಿಯಿತು! "ಇದು ಸಿಲಿಂಡರ್ ಉರುಳಿಸಿದ್ದು. ಡಿಪಾಜಿಟ್‌ನ್ಯಾಗ ಮುರ್ಕೊಂತೇನಿ." ಒಬ್ಬ ಮಾಸ್ತರರಂತೂ ಮಂಚವನ್ನು ಎಂದೂ ಅಲುಗಾಡಿಸಿದವರಲ್ಲ. ಕಾಕಾ ಮಂಚದ ಕಾಲು ಊರಿದ ಗುರುತಿಗೂ ದುಡ್ಡು ಹಿಡಿದ.

"ಮತ್ತ ಮಂಚಾನ ಮ್ಯಾಲ ತೂಗುಬಿಡಬೇಕಿತ್ತೇನ್ರಿ?"

"ಹಂಗ ಮಾಡಿದ್ರ ಜಂತಿ ಲೆಕ್ಕ ಬ್ಯಾರೇ ಆಗ್ತಿತ್ತರಿ!"

ನಾನು ಹಣೆ ಚಚ್ಚಿಕೊಂಡೆ. ಮತ್ತೆ ಬಾಡಿಗೆಯವರನ್ನು ಹುಡುಕುವ ಕರ್ಮ ನನ್ನದೇ ಅಲ್ಲವೇ?

ಆಮೇಲೆ ಬಂದದ್ದು ದರ್ಜಿಯ ಸಂಸಾರ. ದರ್ಜಿಯ ಹೆಂಡತಿಯನ್ನು ನಾವೆಲ್ಲ ಚಿಕ್ಕಮ್ಮ ಎನ್ನುವ ಹಾಗೆ ಖಾಲಾ ಎನ್ನುತ್ತಿದ್ದೆವು. ಮೆಣಸಿನಕಾಯಿಯ ಊರಲ್ಲಿ ಖಾರ ಕುಟ್ಟಬೇಡಿ ಎಂದರೆ ಯಾರು ಕೇಳಬೇಕು? ಮಗಳ ಮದುವೆಗೆಂದು ಆಕೆ ಅಡಿಗೆಮನೆಯಲ್ಲೇ ಒರಳಿಟ್ಟು ಕುಟ್ಟಿದಳು. ಫರಸಿ ಸೀಳಿತು. ಕಾಕಾ ಡಿಪಾಜಿಟ್ಟನ್ನು ಪೂರ್ತಿ ನುಂಗಿದ. ಖಾಲಾ ಕಣ್ಣೊರೆಸಿಕೊಂಡು ಮೋಟೆಬೆನ್ನೂರಿಗೆ ಹೋದ ದಿನ ನನಗೆ ಅನ್ನ ಇಳಿಯಲಿಲ್ಲ.

ಮುಂದೆ ಆ ಮನೆಗೆ ಯಾರೂ ಬರಲಿಲ್ಲ. ಕಾಕಾ ತಾನೇ ಅಲ್ಲಿ ಇರತೊಡಗಿದ. ಹೋದ ವರ್ಷ ಲಕ್ವ ಹೊಡೆದು ಎಡಗಾಲು ಸೋತಿತು. ಹಾವೇರಿಯ ಡಾಕ್ಟರು ವಾಕರ್ ಕೊಟ್ಟು, "ದಿನಾ ನಡೀಲಿಲ್ಲಂದ್ರ ಮುಂದ ಹಾಸಿಗೇನ ಗತಿ" ಎಂದರು. ಕಾಕಾ ಮಂಚ ಬಿಟ್ಟು ಏಳಲೇ ಇಲ್ಲ!

"ಫರಸಿಗೆ ಗೀರು ಬೀಳ್ತಾವೋ."

"ಅದರ ಕಾಲಿಗೆ ರಬ್ಬರ್ ಐತಲ್ಲ, ಕಾಕಾ!"

"ರಬ್ಬರ್ ಸವೀತೈತಿ."

ಬೈದೆ, ಬೇಡಿಕೊಂಡೆ, ಅತ್ತೂಬಿಟ್ಟೆ. ಕಲ್ಲಿನ ಮುಂದೆ ಅತ್ತಂತಾಯಿತು. ದಿನದಿನಕ್ಕೆ ಅವನ ಕಾಲು ಸಣ್ಣಗಾಗುತ್ತಿತ್ತು.

ಸುದ್ದಿ ತಿಳಿದು ಒಂದು ದಿನ ಖಾಲಾ ಬಂದಳು. ವಾಕರನ್ನು ಅವನ ಮುಂದೆ ಇಟ್ಟಳು.

"ಏಳ್ರಿ ಅಣ್ಣಾರ. ನನ್ನ ಡಿಪಾಜಿಟ್ ನಿಮ್ಮ ಕಡೇನ ಐತಲ್ಲ? ಗೀರು ಬಿದ್ರ ಅದರಾಗ ಮುರ್ಕೋರಿ."

ಕಾಕಾ ವಾಕರ್ ಹಿಡಿದ. ಎದ್ದ. ಅಂದಿನಿಂದ ದಿನಾ ಅಡಿಗೆಮನೆಯಿಂದ ತಲಬಾಗಿಲವರೆಗೆ ವಾಕರ್ ಎಳೆಯುತ್ತ ನಡೆದ. ರಬ್ಬರು ಸವೆದೇ ಸವೆಯಿತು. ಉದ್ದಕ್ಕೂ ಗೀರು ಬಿತ್ತು.

ಮಳೆಗಾಲ ಮುಗಿಯುವ ಮೊದಲೇ ಮತ್ತೆ ಲಕ್ವ ಹೊಡೆದು ಕಾಕಾ ಹೋದ. ಡಿಪಾಜಿಟ್ ಮರಳಿಸಲು ಹೋದರೆ ಖಾಲಾ ಮುಟ್ಟಲಿಲ್ಲ. "ಅದು ಅಣ್ಣಾರು ನಡೆದಿದ್ದಕ್ಕ ಮುರೀತಲ್ಲಪಾ" ಎಂದಳು.

ಮೊನ್ನೆ ಬಾಡಿಗೆಗೆ ಮನೆ ನೋಡಲು ಬಂದವರು, "ಈ ಗೀರನ್ನ ನಮ್ಮ ಖರ್ಚಿನ್ಯಾಗ ಪಾಲಿಶ್ ಹೊಡಿಸಿ ತಗಸ್ತೀವ್ರಿ" ಎಂದರು.

"ಅದನ್ನ ಮುಟ್ಟಬ್ಯಾಡ್ರಿ" ಎಂದೆ. "ಆ ಗೀರು ಅಳಿಸಿದ್ರ ಡಿಪಾಜಿಟ್‌ನ್ಯಾಗ ಮುರ್ಕೊಂತೇನಿ."